ನಾಯಿಗೆಂದು ಅತ್ತೆ ಕಟ್ಟಿದ ಕಟ್ಟೆ

ನಾನು ಸಾಲಗುಂದದಿಂದ ಲಿಂಗಸುಗೂರಿಗೆ ಸೊಸೆಯಾಗಿ ಬಂದ ವರ್ಷವೇ ಆ ಮನೆಗೆ ನಾಯಿಯೂ ಬಂತು. ಮಾವನವರು ಅಲ್ಲಿನ ಅದಾಲತ್ತಿನಲ್ಲಿ ವಕೀಲರು. ನಿಜಾಮನ ಕಾಲ, ಕಾಗದಪತ್ರವೆಲ್ಲ ಉರ್ದುವಿನಲ್ಲಿ, ಮನೆಯ ಮಾತೆಲ್ಲ ಕನ್ನಡದಲ್ಲಿ. ಮುನ್ಸಿಫ್ ಸಾಹೇಬರೊಬ್ಬರಿಗೆ ಔರಂಗಾಬಾದಿಗೆ ವರ್ಗವಾದಾಗ, ಪ್ರೀತಿಯಿಂದ ಸಾಕಿದ್ದ ವಿಲಾಯ್ತಿ ಬೇಟೆನಾಯಿಯನ್ನು ಅಷ್ಟು ದೂರ ಒಯ್ಯಲಾಗದೆ ಮಾವನವರಿಗೆ ಒಪ್ಪಿಸಿ ಹೋದರು. ಗ್ರೇಹೌಂಡ್ ಎಂಬ ಮಾತನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ಕಂಡದ್ದು ಇಷ್ಟೇ: ಚಕ್ಕಡಿಯಿಂದ ಇಳಿದು ನಡುಗುತ್ತ ನಿಂತ ಬೂದಿಬಣ್ಣದ ಹೆಣ್ಣು ನಾಯಿ. ಕೋಲಿನಂಥ ಕಾಲು, ಉದ್ದ ಕುತ್ತಿಗೆ, ಇದೆಯೋ ಇಲ್ಲವೋ ಎನ್ನುವಂಥ ಹೊಟ್ಟೆ.

"ಇದಕ್ಕ ಕೂಳು ಹಾಕಿಲ್ಲೇನ್ರೀ ಅವರು?" ಅತ್ತೆ ತಲೆಬಾಗಿಲಲ್ಲೇ ಕೇಳಿದರು.

"ಇದರ ಜಾತಿನಾ ಹಂಗ," ಎಂದರು ಮಾವ. "ಗಾಳಿ ಬೀಸಿದಂಗ ಓಡತದಂತ. ಆದ್ರ, 'ಪೇಟ್ ನಾಜೂಕ್ ಹೈ ವಕೀಲ್ ಸಾಬ್' ಅಂದ್ರು ಸಾಹೇಬ್ರು. ಹೊಟ್ಟಿ ಭಾಳ ಸೂಕ್ಷ್ಮ ಅಂತ."

"ಓಡೂದು ನಿಮಗ, ಹೊಟ್ಟಿ ನಮಗ," ಎಂದು ಅತ್ತೆ ಒಳಗೆ ಹೋದರು.

ಅತ್ತೆ ಕೆಟ್ಟವರಲ್ಲ, ಮಾತು ಕಡಿಮೆ. ಆದರೆ ಹೊಸದಾಗಿ ಬಂದವಳಿಗೆ ಆ ಮೌನವೇ ದೊಡ್ಡ ಹೆದರಿಕೆ. ಬೇಳೆಗೆ ಉಪ್ಪು ಹೆಚ್ಚಾದರೂ ಏನೂ ಅನ್ನುತ್ತಿರಲಿಲ್ಲ, ಸರಿಯಾಗಿದ್ದರೂ ಅನ್ನುತ್ತಿರಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿ ಕೂತು, ಎರಡು ತುತ್ತು ನುಂಗಿ ಎದ್ದುಬಿಡುತ್ತಿದ್ದೆ. ನಾಯಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ ಒಳಗೊಳಗೇ ಹಿಗ್ಗಿದೆ. ಆ ಮನೆಗೆ ನನ್ನಷ್ಟೇ ಹೊಸತಾಗಿದ್ದದ್ದು ಅದೊಂದೇ.

ಆದರೆ ಅದಕ್ಕೆ ಉಣ್ಣಿಸುವುದು ಸುಲಭವಿರಲಿಲ್ಲ. ಹಾಲಿನಲ್ಲಿ ರೊಟ್ಟಿ ಮುರಿದು ಗಂಗಾಳವನ್ನು ನೆಲಕ್ಕಿಟ್ಟರೆ, ಮುಂಗಾಲುಗಳನ್ನು ಅಗಲಿಸಿ, ಕುತ್ತಿಗೆಯನ್ನು ಮುರಿದಂತೆ ಬಾಗಿಸಿ, ಯಾರೋ ಕಸಿದುಕೊಳ್ಳಲು ಬಂದಂತೆ ಗಬಗಬ ನುಂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿತ್ತಿಲಿಗೆ ಹೋಗಿ ಅಷ್ಟನ್ನೂ ಕಕ್ಕಿ, ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಹೊಟ್ಟೆಯ ಗುಡುಗುಡು ಪಡಸಾಲೆಯವರೆಗೆ ಕೇಳುತ್ತಿತ್ತು. ಬಳಿದು ಸಾರಿಸುವವಳು ನಾನೇ. ಅತ್ತೆ ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದರು, ನಾಯಿಯನ್ನು ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಮಸ್ಕಿಯಿಂದ ಮಾವನವರ ಗೆಳೆಯರು ಬಂದರು. ನಾಯಿಯ ಓಟ ತೋರಿಸುವ ಹುರುಪು ಮಾವನವರಿಗೆ. ಅದು ಆಗಷ್ಟೇ ಉಂಡಿತ್ತು. "ಈಗ ಬ್ಯಾಡ್ರಿ ಮಾವಾರ" ಎನ್ನಬೇಕೆಂದುಕೊಂಡೆ, ಆದರೆ ಅಷ್ಟು ಜನ ಗಂಡಸರ ಮುಂದೆ ಬಾಯಿ ಬರಲಿಲ್ಲ. ಊರಾಚೆಯ ಎರೆ ಹೊಲದಲ್ಲಿ ಓಡಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮರಳಿದರು. ನಾಯಿಗೆ ನಡೆಯಲಾಗುತ್ತಿರಲಿಲ್ಲ. ಇಲ್ಲವೇ ಇಲ್ಲ ಎನ್ನುವಂತಿದ್ದ ಹೊಟ್ಟೆ ಬಿಗಿದು ಉಬ್ಬಿಕೊಂಡಿತ್ತು. ವಾಂತಿಗೆ ಬಂದಂತಾಗಿ ಬಾಯಿ ತೆರೆಯುತ್ತಿತ್ತು, ಏನೂ ಬರುತ್ತಿರಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಾವ ನಾಯಿಯ ಹಗ್ಗ ಹಿಡಿದು ಅಂಗಳದಲ್ಲೇ ಉಳಿದರು.

ಅತ್ತೆ ಸೆರಗು ಸಿಗಿಸಿಕೊಂಡು ಹೊರಗೆ ಬಂದರು.

"ಮಲಗಸಬ್ಯಾಡ್ರಿ ಅದನ್ನ, ನಡಸ್ರಿ. ಸಾವಕಾಶ." ಹಗ್ಗವನ್ನು ನನ್ನ ಗಂಡನ ಕೈಗೆ ಕೊಟ್ಟರು. ನನಗೆ, "ಔಡಲೆಣ್ಣಿ ಬೆಚ್ಚಗ ಮಾಡು, ಅದರಾಗ ಇಂಗು ತೇದು ಹಾಕು. ಓಮು ಕುದಿಸಿ ನೀರು ತಾ ಬೇ," ಎಂದರು. ಮಗಳನ್ನು ಕರೆಯುವ ಸಲಿಗೆಯಲ್ಲಿ ನನ್ನನ್ನು ಅವರು 'ಬೇ' ಎಂದದ್ದು ಅದೇ ಮೊದಲು.

ಓಮಿನ ನೀರನ್ನು ಅಂಗೈಯಲ್ಲಿ ಹಿಡಿದು ನಾಯಿಗೆ ಸ್ವಲ್ಪಸ್ವಲ್ಪವೇ ನೆಕ್ಕಿಸಿದರು. ಆಮೇಲೆ ಅದರ ಪಕ್ಕದಲ್ಲಿ ನೆಲಕ್ಕೇ ಕೂತು, ಹರಳೆಣ್ಣೆ ಹಚ್ಚಿದ ಕೈಯಿಂದ ಹೊಟ್ಟೆಯನ್ನು ನೀವತೊಡಗಿದರು, ಎಳೆಗೂಸಿಗೆ ನೀವುವ ಹಾಗೆ, ದುಂಡಗೆ, ಒತ್ತದೆ. "ಸುಮ್ನಿರು ಯವ್ವಾ, ಸುಮ್ನಿರು. ಹೋಗತದ, ಈಗ ಹೋಗತದ." ನಾನು ಲಾಟೀನು ಹಿಡಿದು ನಿಂತಿದ್ದೆ. ಮತ್ತೆ ನಡೆಸಿದೆವು, ಮತ್ತೆ ನೀವಿದರು. ಬಹಳ ಹೊತ್ತಿನ ಮೇಲೆ ಆ ನಾಯಿ ಒಂದು ತೇಗು ತೇಗಿತು. ಉಂಡೆದ್ದ ಗೌಡರು ತೇಗಿದಂಥ ತೇಗು. ಹಿಂದೆಯೇ ಇನ್ನೊಂದು ಸದ್ದು, ಅದು ಬಾಯಿಯದಲ್ಲ.

ತಡೆಯಲಾಗದೆ ನಕ್ಕುಬಿಟ್ಟೆ. ನಕ್ಕು ಹೆದರಿದೆ. ನೋಡಿದರೆ ಅತ್ತೆಯೂ ನಗುತ್ತಿದ್ದಾರೆ, ಕಣ್ಣಲ್ಲಿ ನೀರು ಬರುವಷ್ಟು.

"ನಿನ್ನ ಗಂಡನೂ ಕೂಸಿದ್ದಾಗ ಹಿಂಗಾ ಇದ್ದ ನೋಡು. ಸಂಜಿಯಾದ್ರ ಹೊಟ್ಟಿ ಉಬ್ಬಿಸಿಕೊಂಡು ಓಣಿಗೆಲ್ಲ ಕೇಳೂವಂಗ ಅಳತಿದ್ದ."

ಹಗ್ಗ ಹಿಡಿದಿದ್ದ ನನ್ನ ಗಂಡ ಮುಖ ಅತ್ತ ತಿರುಗಿಸಿಕೊಂಡರು.

ಮರುದಿನ ಅತ್ತೆ ಮಾವನವರಿಗೆ ಕಟ್ಟಪ್ಪಣೆ ಮಾಡಿದರು: "ಉಂಡ ಮ್ಯಾಲ ಇದನ್ನ ಅಂಗಳ ದಾಟಿಸಿದ್ರ, ಅವತ್ತ ನಿಮಗೂ ಊಟಿಲ್ಲ." ಮಾವ ತಲೆಯಾಡಿಸಿದರು. ಆಮೇಲೆ ಅತ್ತೆ ನನ್ನನ್ನು ಕರೆದು, ನಾಯಿ ಉಣ್ಣುವುದನ್ನು ತೋರಿಸಿದರು.

"ನೋಡು, ಎಷ್ಟು ಬಗ್ಗತದ. ಕಾಲು ಉದ್ದ, ಕುತ್ತಿಗಿ ಉದ್ದ. ತಲಿ ಕೆಳಗ ಮಾಡಿ ಉಂಡ್ರ ಯಾರಿಗೆ ಇಳೀತದ? ಒಂದು ಕಟ್ಟಿ ಕಟ್ಟೂಣು."

ಮಣ್ಣಿನ ಒಲೆ ಹಾಕುವುದರಲ್ಲಿ ಅತ್ತೆಯದು ಪಳಗಿದ ಕೈ. ಕೆಂಪು ಮಣ್ಣಿಗೆ ಹೊಟ್ಟು ಕಲಸಿ ತುಳಿದೆವು. ಎತ್ತರ ಎಷ್ಟಿರಬೇಕೆಂದು ನಾಯಿಯನ್ನೇ ನಿಲ್ಲಿಸಿ, ಅದರ ಎದೆಯ ಮಟ್ಟಕ್ಕೆ ಹಿತ್ತಿಲ ಗೋಡೆಯ ಮೇಲೆ ಗೆರೆ ಎಳೆದರು. ಮೇಲೆ ಗಂಗಾಳ ಅಲುಗದಂತೆ ಕೂರಲು ಒಲೆಯ ಬಾಯಿಯಂಥ ತಗ್ಗು ಮಾಡಿದರು. ಕೆಲಸ ಮಾಡುತ್ತಲೇ ಕೇಳಿದರು, "ನಿಮ್ಮನ್ಯಾಗ ನೀ ಏನೇನು ಉಣತಿದ್ದಿ?" ಮೊಣಕೈವರೆಗೆ ಕೆಸರು ಮೆತ್ತಿದ್ದರಿಂದಲೋ ಏನೋ, ನನಗೆ ಮಾತು ಬಂತು. ಅವ್ವನ ಪುಂಡಿಪಲ್ಯ, ಅಪ್ಪನ ದನಗಳು, ಎಲ್ಲ ಹೇಳಿದೆ. ನಮ್ಮ ಮನೆಯಲ್ಲಿ ಒಂದು ಕರು ಹೀಗೇ ಗಬಗಬ ತಿನ್ನುತ್ತಿತ್ತೆಂದೂ, ಅಪ್ಪ ಅದರ ಬಾನಿಯಲ್ಲಿ ದೊಡ್ಡ ಗುಂಡುಕಲ್ಲು ಇಡುತ್ತಿದ್ದರೆಂದೂ ಹೇಳಿದೆ. ಕಲ್ಲಿನ ಸುತ್ತ ನಾಲಿಗೆ ಹೊರಳಿಸಬೇಕು, ಆಗ ತಾನಾಗಿಯೇ ನಿಧಾನವಾಗುತ್ತದೆ.

"ಇಷ್ಟು ದಿನ ಯಾಕ ಹೇಳಲಿಲ್ಲ ಬೇ?"

"ನೀವು ಕೇಳಲಿಲ್ರಿ ಅತ್ತಿ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನೆಲ ಉಜ್ಜಲು ಇಟ್ಟುಕೊಂಡಿದ್ದ, ಹಳ್ಳದಿಂದ ತಂದ ನುಣ್ಣನೆಯ ಕಲ್ಲನ್ನು ತೊಳೆದು ತಾವೇ ಗಂಗಾಳದ ನಡುವೆ ಇಟ್ಟರು.

ಅಂದಿನಿಂದ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಆರಿಸಿ, ತಿಳಿಮಜ್ಜಿಗೆ ಕಲಸಿ ಹಾಕುತ್ತಿದ್ದೆವು. ಒಮ್ಮೆಲೇ ಅಲ್ಲ, ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಪಕ್ಕದ ಮನೆಯ ಮುಸಲ್ಮಾನರ ಅಜ್ಜಿ ಶುಕ್ರವಾರ ಮಾಂಸ ಬೇಯಿಸಿದಾಗ, ಖಾರ ಹಾಕುವ ಮೊದಲೇ ನಾಯಿಯ ಪಾಲಿನ ಬೆಂದ ತುಣುಕು, ತಿಳಿನೀರು ತೆಗೆದಿಟ್ಟು ಗೋಡೆಯ ಮೇಲಿಂದ ಕೊಡುತ್ತಿದ್ದರು. ನಾಯಿ ನೆಟ್ಟಗೆ ನಿಂತು, ಕುತ್ತಿಗೆ ಬಾಗಿಸದೆ, ದೊಡ್ಡ ಮನೆತನದವರಂತೆ ಉಣ್ಣುವುದನ್ನು ಕಲಿಯಿತು. ಕಕ್ಕುವುದು ಅಪರೂಪವಾಯಿತು. ಮೈ ತುಂಬಿತು. ಉಂಡಾದ ಮೇಲೆ ನೆರಳಿನಲ್ಲಿ ಕಾಲು ಚಾಚಿ ಮಲಗಿದರೆ ಯಾರೂ ಎಬ್ಬಿಸುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ನಾನು ಬಸುರಾದೆ. ಏನು ತಿಂದರೂ ನಿಲ್ಲದು. ಕೋಣೆಯಲ್ಲಿ ಮುದುಡಿಕೊಂಡು ಬಿದ್ದಿದ್ದಾಗ ಅತ್ತೆ ಒಂದು ಬಟ್ಟಲು ತಂದು ಪಕ್ಕದಲ್ಲಿ ಕೂತರು.

"ಸಿಟ್ಟಾಗಬ್ಯಾಡ. ನಾಯಿಗೆ ಮಾಡಿದ ನುಚ್ಚನಾ ನಿನಗೂ ತಂದೀನಿ. ಉಪ್ಪು, ತುಪ್ಪ ಹಾಕೀನಿ. ಅದಕ್ಕ ನಿಂತದ, ನಿನಗೂ ನಿಲ್ಲತದ. ಬಾಯಿ ತಗಿ."

ತುತ್ತು ತುತ್ತಾಗಿ ಅವರೇ ಉಣ್ಣಿಸಿದರು. ಅವ್ವನನ್ನು ಬಿಟ್ಟು ಬಂದ ಮೇಲೆ ನನಗೆ ಯಾರೂ ಹಾಗೆ ಉಣ್ಣಿಸಿರಲಿಲ್ಲ. ನುಚ್ಚು ನಿಂತಿತು, ಅಳು ನಿಲ್ಲಲಿಲ್ಲ. ಅತ್ತೆ ಬೆನ್ನು ನೀವಿದರು. ನಾಯಿ ಬಂದು ಹೊಸ್ತಿಲ ಮೇಲೆ ಗದ್ದವಿಟ್ಟು ಮಲಗಿತು.

ನನ್ನ ಮಗಳು ಎದ್ದು ನಿಲ್ಲಲು ಕಲಿತದ್ದು ಆ ನಾಯಿಯ ಬೆನ್ನು ಹಿಡಿದೇ. ಅವಳು ಕೂರುವವರೆಗೆ ಅದು ಅಲುಗುತ್ತಿರಲಿಲ್ಲ. ಮುಂದೆ ಹಲವು ವರ್ಷ ಬದುಕಿತು. ಹಲ್ಲು ಹೋದ ಮೇಲೆ ಅತ್ತೆ ನುಚ್ಚನ್ನು ಇನ್ನಷ್ಟು ತೆಳ್ಳಗೆ ಮಾಡಿದರು. ಒಂದು ಚಳಿಗಾಲದ ಬೆಳಿಗ್ಗೆ, ಎಳೆಬಿಸಿಲಿನಲ್ಲಿ ಮಲಗಿದ್ದು ಹಾಗೇ ಹೋಯಿತು.

ಕೆಲವು ದಿನಗಳಾದ ಮೇಲೆ ಹೊಸ ಮುನ್ಸಿಫರು ಮನೆಗೆ ಬಂದಿದ್ದರು. ಅವರಿಗೂ ಬೇಟೆಯ ಹುಚ್ಚು. ನಿಮ್ಮ ವಿಲಾಯ್ತಿ ನಾಯಿ ಮೊಲ ಬಹಳ ಹಿಡಿಯುತ್ತಿತ್ತಂತೆ, ಹೌದೇ ಎಂದು ಮಾವನವರನ್ನು ಕೇಳಿದರು.

"ಮೊಲದ್ದು ನೆನಪಿಲ್ರೀ ಸಾಹೇಬ್ರ," ಎಂದರು ಮಾವ. "ಹೊಟ್ಟಿ ತುಂಬ ಉಂಡು, ನಮ್ಮನ್ಯಾಗ ಆರಾಮ ನಿದ್ದಿ ಮಾಡತಿತ್ತು."

ಬಾಗಿಲ ಹಿಂದೆ ಚಹಾ ಹಿಡಿದು ನಿಂತಿದ್ದ ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. "ನಿನ್ನ ಗಂಡನ ಕೈಲಿ ಕಳಸು ಬೇ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹಿತ್ತಿಲ ಕಟ್ಟೆಯ ಕಡೆ ನಡೆದರು.