ಶಿಡ್ಲಘಟ್ಟದ ಒಲೆಯ ಮುಂದೆ

ಮೊಮ್ಮಗಳು ಮಾನಸಳ ಇಂಟರ್ನ್‌ಶಿಪ್ ಶುರುವಾದದ್ದು ಶುಕ್ರವಾರ, ಚಿಕ್ಕಬಳ್ಳಾಪುರದಲ್ಲಿ. ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳ ಕೆಲಸ. ಅವಳು ಬೇಡವೆಂದರೂ ಮೊದಲ ದಿನಕ್ಕೆಂದು ನಾನೂ ಹೊರಟೆ. ಬೆಂಗಳೂರಿನಿಂದ ಆರೂವರೆಯ ಬಸ್ಸು. ಆಧಾರ್ ತೋರಿಸಿದ್ದಕ್ಕೆ ಇಬ್ಬರಿಗೂ ಸೊನ್ನೆ ಟಿಕೆಟ್. ದೇವನಹಳ್ಳಿ ದಾಟುವಷ್ಟರಲ್ಲಿ ಮೂರು ಸಲ ಕೇಳಿದ್ದೆ, "ನಿನ್ನ ರೇಬೀಸ್ ಇಂಜೆಕ್ಷನ್ ಕೋರ್ಸ್ ಕಂಪ್ಲೀಟ್ ಆಗಿದೆ ತಾನೇ?"

"ಆಗಿದೆ ಅಜ್ಜಿ. ನೀನು ಇಡ್ಲಿ ತಿನ್ನು."

ಕಚೇರಿಯಲ್ಲಿ ಸಹಿ ಹಾಕಿದ ಕೂಡಲೇ ಅವಳನ್ನು ಶಿಡ್ಲಘಟ್ಟಕ್ಕೆ ಕಳಿಸಿದರು. ಅಲ್ಲೊಬ್ಬ ಹೆಂಗಸಿಗೆ ನಾಯಿಮರಿ ಕಚ್ಚಿತ್ತು. ಮರುದಿನವೇ ಮರಿ ಸತ್ತಿತ್ತು. ಮತ್ತೆ ಬಸ್ಸು, ಮುಕ್ಕಾಲು ಗಂಟೆ, ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ. ಮಾನಸ ಉಗುರು ಕಚ್ಚುತ್ತಿದ್ದಳು. ಚಿಕ್ಕಂದಿನಿಂದ ಅದೇ ಅಭ್ಯಾಸ. ಅಂದು ನಾನು ಬೈಯಲಿಲ್ಲ.

ವೆಂಕಟಮ್ಮ ಮನೆಯ ಶೆಡ್ಡಿನಲ್ಲಿ ಒಬ್ಬಳೇ ನೂಲು ತೆಗೆಯುತ್ತಿದ್ದಳು. ಗಂಡ ಮಾರುಕಟ್ಟೆಗೆ ಹೋಗಿದ್ದ. ಹಬೆಯಾಡುವ ಬಿಸಿನೀರಿನ ಬಾನಿಯಲ್ಲಿ ರೇಷ್ಮೆಗೂಡುಗಳು ತೇಲುತ್ತಿದ್ದವು. ಅದರೊಳಗೇ ಅವಳ ಬಲಗೈ, ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲಿನ ಗುರುತು.

"ಏಮಿ ಕಾದಮ್ಮ, ಏನೂ ಆಗಲ್ಲ," ಅಂದಳು. "ಈ ನೀರಲ್ಲಿ ರೇಷ್ಮೆ ಹುಳಾನೇ ಸಾಯ್ತದೆ, ನಾಯಿ ಹುಳ ಉಳೀತದಾ?"

"ಅದು ಆಗಲೇ ಒಳಗೆ ಹೋಗಿರುತ್ತೆ ಅಮ್ಮ. ನರದಲ್ಲಿ ನಿಧಾನಕ್ಕೆ ಮೇಲೆ ಹತ್ತುತ್ತೆ. ರೋಗ ಶುರುವಾದ್ಮೇಲೆ ಯಾರ ಕೈಲೂ ಉಳಿಸೋಕಾಗಲ್ಲ," ಅಂದಳು ಮಾನಸ. ಬೆರಳು ಮತ್ತೆ ಬಾಯಿಗೆ ಹೋಯಿತು. ವೆಂಕಟಮ್ಮ ಅವಳನ್ನು ನೋಡಿ ನಕ್ಕಳು. "ಡಾಕ್ಟ್ರಮ್ಮನೇ ಹೆದ್ರಿಕೊಂಡವ್ಳೆ."

ಆದರೂ ಸೋಪು ಹಚ್ಚಿ ತೊಳೆಯಲು ಕೈ ಕೊಟ್ಟಳು. ಗ್ಲೌಸ್ ತೊಟ್ಟ ಮಾನಸ ಗಡಿಯಾರ ನೋಡುತ್ತ ಹದಿನೈದು ನಿಮಿಷ ನೀರು ಸುರಿದಳು. ಆಸ್ಪತ್ರೆ ಎಂದಾಗ ಮಾತ್ರ ವೆಂಕಟಮ್ಮ ಮತ್ತೆ ಬಾನಿಯ ಮುಂದೆ ಕೂತಳು. "ಬೇಯಿಸಿದ ಗೂಡು ಬಿಟ್ಟು ಹೋಗಣಾ? ನೀರು ಆರಿದ್ರೆ ಎಳೆ ಬರಲ್ಲ. ನಾಳೆ ನೋಡಣ."

ನಾಳೆ ಅನ್ನುವವರನ್ನು ನಾನು ಬಹಳ ನೋಡಿದ್ದೇನೆ. "ನೀರು ಆರದ ಹಾಗೆ ನಾನು ನೋಡ್ಕೊಳ್ತೀನಿ," ಅಂದೆ.

"ನೀವಾ? ಒಲೆ ಉರಿಸಿ ಎಷ್ಟು ವರ್ಷ ಆಯ್ತು?"

"ನಲವತ್ತಾಗಿರಬಹುದು. ಯು ಟೀಚ್ ಮಿ."

ಒಲೆಗೆ ಎಷ್ಟು ಕಡ್ಡಿ, ಎಷ್ಟು ಹೊತ್ತಿಗೆ ಎಂದು ಹೇಳಿಕೊಟ್ಟು, ಎರಡು ಸಲ ತಿರುಗಿ ನೋಡಿ ಮಾನಸಳ ಜೊತೆ ಆಟೋ ಹತ್ತಿದಳು.

ಆಮೇಲಿನ ಎರಡು ಗಂಟೆ ಹೇಗೆ ಕಳೆದೆನೋ, ಗಾಡ್ ನೋಸ್. ಕಡ್ಡಿ ಹೆಚ್ಚಾದರೆ ಕುದಿ, ಕಡಿಮೆಯಾದರೆ ಬರೀ ಹೊಗೆ. ಕಣ್ಣಲ್ಲಿ ನೀರು. ಮಾನಸಳ ಫೋನು ಸ್ವಿಚ್ ಆಫ್. ಔಷಧಿ ಸ್ಟಾಕ್ ಇಲ್ಲವೋ, ವೆಂಕಟಮ್ಮನೇ ದಾರಿಯಲ್ಲಿ ಇಳಿದುಬಿಟ್ಟಳೋ? ಕಾನ್ವೆಂಟಿನ ಪ್ರಾರ್ಥನೆ ಅರ್ಧ ನೆನಪಾಯಿತು. ಉಳಿದರ್ಧಕ್ಕೆ ಮನೆದೇವರನ್ನು ಕರೆದೆ.

ಆಟೋ ಬಂತು. ವೆಂಕಟಮ್ಮ ನೇರ ಬಾನಿಗೆ ಹೋಗಿ ಎಡಗೈ ಅದ್ದಿದಳು. "ಪರ್ವಾಗಿಲ್ಲ," ಅಂದಳು.

"ಗಾಯದ ಸುತ್ತ ಒಂದು ಇಂಜೆಕ್ಷನ್, ತೋಳಿಗೆ ಒಂದು," ಅಂದಳು ಮಾನಸ. ಮುಖದಲ್ಲಿ ನಗುವಿರಲಿಲ್ಲ. "ಸೋಮವಾರ ಮತ್ತೆ ಹೋಗ್ಬೇಕು. ಆಮೇಲೂ ಇದೆ."

"ಸೋಮವಾರ ಒಲೆ ಮುಂದೆ ಯಾರು?" ಎಂದ ವೆಂಕಟಮ್ಮ ನನ್ನ ಕಡೆ ನೋಡಿದಳು.

ಮಾನಸಳನ್ನು ಚಿಕ್ಕಬಳ್ಳಾಪುರದ ರೂಮಿನಲ್ಲಿ ಬಿಟ್ಟು ಸಂಜೆ ಬೆಂಗಳೂರಿನ ಬಸ್ಸು ಹತ್ತಿದೆ. ಸೀರೆಯೆಲ್ಲ ಹೊಗೆ ಮತ್ತು ಬೆಂದ ಗೂಡಿನ ವಾಸನೆ. ಪಕ್ಕದಲ್ಲಿ ಕೂತವರು ಎದ್ದು ಹಿಂದಕ್ಕೆ ಹೋದರು. ನಾನು ಕಂಡಕ್ಟರನ್ನು ಕೇಳಿದೆ, "ಸೋಮವಾರ ಬೆಳಿಗ್ಗೆ ಫಸ್ಟ್ ಬಸ್ ಎಷ್ಟು ಗಂಟೆಗಪ್ಪಾ?"