ಮುಖ ನೋಡದ ಕೆಲಸ

ಹೊಸ ನಾಯಿಯನ್ನು ಎಲ್ಲಿಂದ ತರುವುದು ಎಂಬ ಮಾತು ಆ ಮನೆಯಲ್ಲಿ ಮೂರು ವಾರಗಳಿಂದ ನಡೆದಿತ್ತು. ಮೂರು ವಾರಗಳಿಂದಲೂ ಮನೆಯ ಯಜಮಾನ ಆ ಮಾತಿನಿಂದ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಕೇಳಿದವರಿಗೆ ನಗು ಬರುವ ಸಂಗತಿ ಇದು. ಯಾಕೆಂದರೆ ಅವನು ನಗರಸಭೆಯ ನಾಯಿ ಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸಕ್ಕಿದ್ದವನು. ಬೆಳಗಾದರೆ ಅರವತ್ತು ಎಪ್ಪತ್ತು ನಾಯಿಗಳ ನಡುವೆ ನಿಲ್ಲುವವನು. ಬೀದಿಯ ಮಕ್ಕಳು ಅವನನ್ನು ‘ಫಿನಾಯಿಲ್ ಮಾಮ’ ಎಂದೇ ಕರೆಯುತ್ತಿದ್ದವು. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ವಾಸನೆ ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆಯೂ ಅದೇ ಮಾತು ಬಂತು.

“ಬಸ್ ಸ್ಟ್ಯಾಂಡ್ ಹತ್ರ ಮರಿಗಳ ಅಂಗಡಿ ಇದೆಯಲ್ಲ, ಅಲ್ಲಿ ನೋಡಿದ್ರಾಯ್ತು,” ಎಂದ ಅವನು, ಪೇಪರಿನಿಂದ ಕಣ್ಣು ತೆಗೆಯದೆ.

ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದವಳು ಮೆಷಿನ್ ನಿಲ್ಲಿಸಿದಳು. “ಟ್ಯಾಂಕಿನೊಳಗೆ ಕೂತ್ಕೊಂಡು ಬಾಯಾರಿಕೆ ಅಂದ ಹಾಗಾಯ್ತು ನಿಮ್ಮ ಕಥೆ. ನಿಮ್ಮಲ್ಲೇ ಅಷ್ಟೊಂದು ಇವೆ.”

“ಅವು ಬೀದೀಲಿ ಬೆಳೆದವು. ಮನೆಗೆ ಹೊಂದಲ್ಲ.”

“ಗೋಣಿ ಎಲ್ಲಿ ಬೆಳೆದಿತ್ತು? ಅರಮನೇಲಾ?”

ಗೋಣಿ ಅವರ ಹಳೆಯ ನಾಯಿ. ಏಳು ವರ್ಷದ ಹಿಂದೆ, ಮಗಳಿಗೆ ಮೂರು ತುಂಬಿದಾಗ, ಎಲ್ಲಿಂದಲೋ ಬಂದು ಬಾಗಿಲ ಬಳಿಯ ಗೋಣಿಚೀಲದ ಮೇಲೆ ಮಲಗಿದ ಮರಿ ಆಮೇಲೆ ಆ ಮನೆ ಬಿಟ್ಟು ಹೋಗಲೇ ಇಲ್ಲ. ಬಣ್ಣವೂ ಅದೇ ಚೀಲದ ಬಣ್ಣ. ಸಂಜೆ ಅವನು ಕೆಲಸದಿಂದ ಬಂದಾಗ ಓಡಿ ಬಂದು ಕೈ ಮೂಸುತ್ತಿತ್ತು, ಫಿನಾಯಿಲ್ ವಾಸನೆಗೆ ಒಮ್ಮೆ ಸೀನುತ್ತಿತ್ತು, ಆಮೇಲೆ ಬಾಲ ಅಲ್ಲಾಡಿಸುತ್ತಿತ್ತು. ಒಂದು ದಿನವೂ ಈ ಕ್ರಮ ತಪ್ಪಿರಲಿಲ್ಲ. “ನೋಡಿ, ಹಾಜರಿ ಹಾಕ್ತು,” ಎಂದು ಹೆಂಡತಿ ನಗುತ್ತಿದ್ದಳು. ಐದು ತಿಂಗಳ ಹಿಂದೆ ಮನೆ ಬದಲಿಸಿದ ದಿನ, ಸಾಮಾನಿನ ಗಾಡಿಯಿಂದ ಕಬ್ಬಿಣದ ಮಂಚ ಜಾರಿ ಬಿದ್ದ ಸದ್ದಿಗೆ ಬೆದರಿ ಓಡಿದ ಗೋಣಿ ಮತ್ತೆ ಬರಲಿಲ್ಲ.

ಅಷ್ಟು ಹೊತ್ತು ನೆಲದ ಮೇಲೆ ಕೂತು ಶಾಲೆಯ ಶೂಗೆ ಪಾಲಿಶ್ ಹಾಕುತ್ತಿದ್ದ ಮಗಳು ಆಗ ಬಾಯಿ ತೆರೆದಳು. ಹತ್ತು ವರ್ಷದ ಹುಡುಗಿ, ಮಾತು ಕಡಿಮೆ, ಹಟ ಜಾಸ್ತಿ.

“ಅಂಗಡೀದು ಬೇಡ. ಅಪ್ಪನ ಕೇಂದ್ರದಿಂದಲೇ ತರೋಣ.”

“ಯಾಕೆ ಪುಟ್ಟಿ?”

“ಗೋಣೀನ ಯಾರೋ ಕರ್ಕೊಂಡು ಹೋಗಿ ಸಾಕ್ತಿದಾರೆ ಅಂತ ಅಮ್ಮ ಹೇಳಿದ್ಲಲ್ಲ. ಅವರು ನಮ್ಮದನ್ನ ನೋಡ್ಕೊತಿದಾರೆ. ನಾವು ಇನ್ಯಾರದೋ ಕಳೆದುಹೋಗಿರೋದನ್ನ ನೋಡ್ಕೊಳ್ಳೋಣ. ಆಗ ಸರಿಹೋಗುತ್ತೆ.”

ತಾಯಿ ಮಗಳ ತಲೆ ಸವರಿದಳು. ಅವನು ಪೇಪರನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡ. ಗೋಣಿಯನ್ನು ಯಾರೂ ಸಾಕುತ್ತಿರಲಿಲ್ಲ. ಅದು ಅವನ ಕೈಯಲ್ಲೇ ಸತ್ತಿತ್ತು.

ಈ ಮಾತನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ನಿಜವಾಗಿ, ತನ್ನ ಕೆಲಸದ ಅರ್ಧವನ್ನೇ ಅವನು ಎಂದೂ ಹೇಳಿರಲಿಲ್ಲ. ಗೂಡು ತೊಳೆಯುತ್ತೇನೆ, ನೀರಿಡುತ್ತೇನೆ, ಊಟ ಹಾಕುತ್ತೇನೆ ಎಂದಿದ್ದ. ಎಂಟು ದಿನವಾದರೂ ಯಾರೂ ಕೇಳಿಕೊಂಡು ಬಾರದ, ಕಾಯಿಲೆ ಬಿದ್ದ ನಾಯಿಗಳಿಗೆ ಡಾಕ್ಟರು ಸಾಯಿಸುವ ಸೂಜಿ ಚುಚ್ಚುವಾಗ ಕೊರಳು ಹಿಡಿದುಕೊಳ್ಳುವವನೂ ತಾನೇ ಎಂದು ಹೇಳಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಒಂದೊಂದು ನಾಯಿಗೂ ಒಂದೊಂದು ಹೆಸರಿಟ್ಟಿದ್ದ. ವರ್ಷ ತುಂಬುವಷ್ಟರಲ್ಲಿ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ಯತೊಡಗಿದ. ಆಗ ನಿವೃತ್ತಿಗೆ ಬಂದಿದ್ದ ಹಳೆಯ ಕೆಲಸಗಾರನೊಬ್ಬ ಅವನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟಿದ್ದ: “ಹೆಸರಿಡಬೇಡ. ಕೊರಳಿನ ಬಿಲ್ಲೆ ನೋಡು, ನಂಬರ್ ಓದು. ಹಿಡ್ಕೊಳ್ಳುವಾಗ ಗೋಡೆ ನೋಡು. ಮುಖ ಮಾತ್ರ ನೋಡಬೇಡ. ನೋಡಿದ್ಯೋ, ನೀನು ಈ ಕೆಲಸಕ್ಕೆ ಆಗಲ್ಲ.” ಅವನು ಹಾಗೇ ಕಲಿತ. ಹತ್ತು ವರ್ಷದಲ್ಲಿ ಅವನ ಕೈ ದಾಟಿಹೋದ ಸಾವಿರಾರು ನಾಯಿಗಳನ್ನು ಅವನು ಕೊರಳಿಂದ ಕೆಳಕ್ಕೆ ಮಾತ್ರ ಬಲ್ಲ.

ಗೋಣಿ ಕಳೆದಾಗ ಮಾತ್ರ ಆ ನಿಯಮ ಮುರಿದ. ಹತ್ತು ದಿನ ಬೆಳಿಗ್ಗೆ ಸಂಜೆ, ಹೊಸದಾಗಿ ಬಂದವುಗಳ ಸಾಲಿನಲ್ಲಿ ನಿಂತು ಒಂದೊಂದೇ ಮುಖ ನೋಡಿದ. ಹನ್ನೊಂದನೆಯ ದಿನ ಬಿಟ್ಟುಬಿಟ್ಟ. ಕೇಂದ್ರದ ಹಿಂಭಾಗದಲ್ಲಿ ಚರ್ಮರೋಗದ ಕೋಣೆಯಿತ್ತು. ಕಜ್ಜಿ ಹತ್ತಿದ ನಾಯಿಗಳ ಕೂದಲು ಬೋಳಿಸಿ, ಮೈತುಂಬ ನೇರಳೆ ಬಣ್ಣದ ಔಷಧಿ ಬಳಿದು ಅಲ್ಲಿಡುತ್ತಿದ್ದರು. ಅಲ್ಲಿ ಅವನು ಹುಡುಕಲೇ ಇಲ್ಲ. ವಾರಕ್ಕೊಮ್ಮೆ ಮೈ ತೊಳೆಸಿಕೊಳ್ಳುತ್ತಿದ್ದ ತನ್ನ ಮನೆಯ ನಾಯಿ ಆ ಕೋಣೆಗೆ ಬಂದೀತೆಂದು ಅವನಿಗೆ ತೋಚಲಿಲ್ಲ. ತಿಂಗಳಿಡೀ ಬೀದಿಯಲ್ಲಿ ಅಲೆದ ಗೋಣಿ, ಅವನ ರಜೆಯ ದಿನ ಊರಿನ ಇನ್ನೊಂದು ತುದಿಯಿಂದ ಗಾಡಿಯಲ್ಲಿ ಬಂದು, ಕೂದಲು ಕಳೆದುಕೊಂಡು, ನೇರಳೆ ಮೈಯಲ್ಲಿ ಅದೇ ಕೋಣೆ ಸೇರಿತ್ತು. ಎಂಟು ದಿನ ಅವನೇ ಅದಕ್ಕೆ ಊಟ ಹಾಕಿದ್ದ, ಮಾಸ್ಕು ಕಟ್ಟಿಕೊಂಡು, ಬಿಲ್ಲೆಯ ನಂಬರ್ ಓದಿ, ತಟ್ಟೆ ತಳ್ಳಿ.

ಎಂಟನೆಯ ದಿನ ಅವನು ಆ ನಾಯಿಯನ್ನು ಹಿಡಿದುಕೊಂಡು ಗೋಡೆ ನೋಡುತ್ತ ನಿಂತ. ಅದು ಒದ್ದಾಡಲಿಲ್ಲ. ಅವನ ಎದೆಗೆ ಮೂತಿ ಒತ್ತಿತು. ಒಮ್ಮೆ ಸೀನಿತು. ಬಾಲ ಅಲ್ಲಾಡಿ ಮೇಜಿಗೆ ಎರಡು ಸಲ ಬಡಿಯಿತು.

ಆಮೇಲೆ ಗುರುತು ಬರೆದುಕೊಳ್ಳಲು ಕಾಲು ತಿರುಗಿಸಿದಾಗ, ಎಡ ಹಿಂಗಾಲಿನಲ್ಲಿ ಒಂದು ಉಗುರು ಇರಲಿಲ್ಲ. ಆ ಉಗುರು ಹೋದದ್ದು ಅವರ ಹಳೇ ಮನೆಯ ಬಾಗಿಲ ಸಂದಿಯಲ್ಲಿ. ಹರಿದ ಬಟ್ಟೆ ಸುತ್ತಿದವನು ಅವನೇ. ಆಗ ಅವನು ಮುಖ ನೋಡಿದ.

ಕೇಂದ್ರದಿಂದ ಹೊರಗೆ ಹೋಗುವ ನಾಯಿಗಳಿಗೆಲ್ಲ ಒಂದೇ ಪುಸ್ತಕ. ಸಾಕಲು ಒಯ್ದರೆ ಕೊನೆಯ ಕಾಲಮ್ಮಿನಲ್ಲಿ ‘ಮನೆಗೆ’ ಎಂದು ಬರೆಯಬೇಕು. ಸತ್ತರೆ ಒಂದು ಚುಕ್ಕಿ ಇಡಬೇಕು, ಅಷ್ಟೇ. ಆವತ್ತು ಅವನು ಗುರುತುಗಳನ್ನೆಲ್ಲ ಬರೆದ, ಚುಕ್ಕಿ ಇಡಲು ಕೈ ಬರಲಿಲ್ಲ. ಡಾಕ್ಟರು ಎರಡು ಸಲ ನೆನಪಿಸಿದರು. ಆ ಜಾಗ ಹಾಗೇ ಖಾಲಿ ಉಳಿಯಿತು.

ಇಷ್ಟು ಗೊತ್ತಿದ್ದವನು ಕೇಂದ್ರದ ಗಾಡಿಯ ಡ್ರೈವರ್ ಒಬ್ಬನೇ. ಸೋಮವಾರ ಬಕೆಟ್ ತೊಳೆಯುತ್ತ ಅವನ ಮುಂದೆ ಮಗಳ ಹಟ ಹೇಳಿಕೊಂಡ.

“ಹೇಳಬೇಡ ಕಣಯ್ಯ,” ಎಂದ ಡ್ರೈವರ್. “ಎಲ್ಲೋ ಚೆನ್ನಾಗಿದೆ ಅಂತ ಮಗು ನೆಮ್ಮದಿಯಾಗಿದೆ. ಅದನ್ನ ಯಾಕೆ ಕೆಡಿಸ್ತೀಯ?”

“ನೆಮ್ಮದಿ ಎಲ್ಲಿ ಬಂತಣ್ಣ? ದಿನಾ ಸ್ಕೂಲ್ ಬಿಟ್ಟ ಮೇಲೆ ಹಳೇ ಮನೆ ಗೇಟಿಗೆ ಹೋಗಿ ಬಟ್ಟಲಲ್ಲಿ ನೀರಿಟ್ಟು ಬರ್ತಾಳೆ. ಐದು ತಿಂಗಳಾಯ್ತು. ಈಗ ಆ ಮನೇಲಿರೋರು ಬೈದ್ರೂ ಕೇಳಲ್ಲ.”

ಡ್ರೈವರ್ ಗಾಡಿಯ ಬೀಗದ ಕೈ ಎತ್ತಿಕೊಂಡ. “ನನ್ನ ಕೇಳಿದ್ರೆ ಏನು ಹೇಳ್ಲಿ? ನಾನು ಬರೀ ಗಾಡಿ ಓಡಿಸೋನು,” ಎಂದ.

ಮಗಳನ್ನು ಅವನು ಒಮ್ಮೆ ಅಂಗಡಿಗೂ ಕರೆದುಕೊಂಡು ಹೋದ. ಗಾಜಿನ ಹಿಂದೆ ಉಣ್ಣೆಯ ಉಂಡೆಗಳಂತಹ ಮರಿಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು. ಅಂಗಡಿಯವನು ಒಂದನ್ನೆತ್ತಿ ಅವಳ ಕೈಗಿಟ್ಟು, “ಪಾಪು, ಇದು ನಿನ್ನ ನೋಡಿ ನಗ್ತಿದೆ ನೋಡು,” ಎಂದ. ಅವಳು ಮರ್ಯಾದೆಗೆ ಎರಡು ನಿಮಿಷ ಎತ್ತಿಕೊಂಡು ವಾಪಸ್ಸು ಕೊಟ್ಟಳು. ಹೊರಗೆ ಬಂದ ಮೇಲೆ, “ಇವನ್ನ ಯಾರೂ ಕಳ್ಕೊಂಡಿಲ್ಲಪ್ಪ,” ಎಂದಳು.

ಶನಿವಾರ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಕೇಂದ್ರಕ್ಕೆ ಬಂದೇ ಬಿಟ್ಟರು. ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಮಗಳು ಸಾಲುಗೂಡುಗಳ ಮುಂದೆ ಪರೀಕ್ಷೆಯ ಹಾಲಿನಲ್ಲಿ ನಡೆಯುವವಳ ಹಾಗೆ ನಡೆದಳು. ಹದಿನಾಲ್ಕನೆಯ ಗೂಡಿನ ಮುಂದೆ ನಿಂತಳು. ಒಂದು ಕಣ್ಣಿಲ್ಲದ ಕಪ್ಪು ನಾಯಿ ಎದ್ದು ಬಂದು ಸರಳಿಗೆ ಮೂಗು ತಾಗಿಸಿತು.

“ಇದಾಗುತ್ತಾ?” ಎಂದು ಅವನು ಕೇಳಿದ. ಅವಳು ತಲೆಯಾಡಿಸಿದಳು. ಬೇಗ ಮುಗಿದರೆ ಸಾಕೆಂದು ಅವನು ಬೆಲ್ಟು ತರಲು ಒಳಕೋಣೆಗೆ ಹೋದ.

ಸಹಿ ಹಾಕಿಸಲು ಡ್ರೈವರ್ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟಿದ್ದ. ಸತ್ತವುಗಳ ಲೆಕ್ಕವೂ ಅದೇ ಪುಸ್ತಕದಲ್ಲಿದೆ ಎಂಬುದು ಡ್ರೈವರಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹುಡುಗಿ ಪುಟ ತಿರುವಿದಳು.

“ಮಾಮ, ಈ ಚುಕ್ಕಿ ಯಾಕೆ ಇಟ್ಟಿದೀರ?”

“ಅದು... ಕೆಲವು ಕಾಯಿಲೆಯಿಂದ ಉಳಿಯಲ್ಲ ಮರಿ. ಅವಕ್ಕೆ. ಬಾ, ಪುಸ್ತಕ ಕೊಡು ಇಲ್ಲಿ.”

ಅವಳು ಕೊಡಲಿಲ್ಲ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹಿಂದೆ ಹಿಂದೆ ಹೋದಳು. ಅವನು ಬೆಲ್ಟು ಹಿಡಿದು ಬಾಗಿಲಿಗೆ ಬಂದಾಗ ಬೆರಳು ನಿಂತಿತ್ತು.

“ಅಪ್ಪ, ಇದು ನಿನ್ನ ಅಕ್ಷರ. ‘ಗಂಡು. ಕಂದು. ಸುಮಾರು ಏಳು ವರ್ಷ. ಎಡ ಹಿಂಗಾಲಲ್ಲಿ ಒಂದು ಉಗುರಿಲ್ಲ.’ ಇದು ಗೋಣಿ ಅಲ್ವಾ? ಗೋಣಿ ಇಲ್ಲಿಗೆ ಬಂದಿದ್ನಾ?”

ಡ್ರೈವರ್ ಪುಸ್ತಕಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

“ಇಲ್ಲಿ ಏನೂ ಬರೆದಿಲ್ಲ. ಚುಕ್ಕಿನೂ ಇಲ್ಲ. ಯಾರ ಮನೆಗೆ ಹೋದ?”

ಒಂದು ಸುಳ್ಳು ಹೇಳಿದ್ದರೆ ಆಗಿಹೋಗುತ್ತಿತ್ತು. ದೂರದ ಯಾರೋ ಒಳ್ಳೆಯವರು ಎಂದರೆ ಸಾಕಿತ್ತು. ಅವಳು ನಂಬುತ್ತಿದ್ದಳು, ಕಪ್ಪು ನಾಯಿ ಮನೆಗೆ ಬರುತ್ತಿತ್ತು, ಹಳೇ ಮನೆಯ ಗೇಟಿನಲ್ಲಿ ನೀರೂ ಇರುತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಬಾಯಿಗೆ ಕೈ ಹಿಡಿದಿದ್ದಳು.

ಅವನು ಬೆಲ್ಟು ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದು, ಆ ಖಾಲಿ ಜಾಗದಲ್ಲಿ ಚುಕ್ಕಿ ಇಟ್ಟ.

ಮಗಳು ಚುಕ್ಕಿಯನ್ನೇ ನೋಡಿದಳು. “ಯಾರು ಹಿಡ್ಕೊಂಡಿದ್ದು?” ಎಂದಳು. ಅದು ಅವಳಿಗೆ ಹೇಗೆ ಗೊತ್ತಾಯಿತೋ. ಶಾಲೆಯಲ್ಲಿ ಯಾರೋ ಹೇಳಿದ್ದಿರಬೇಕು.

“ನಾನೇ.”

“ನಿಂಗೆ ಗೊತ್ತಾಗ್ಲಿಲ್ವಾ?”

“ಕೂದಲು ತೆಗೆದು ಹಿಂದಿನ ಕೋಣೇಲಿಟ್ಟಿದ್ರು ಪುಟ್ಟಿ. ಬಣ್ಣ ಬಳಿದಿದ್ರು. ನಾನು... ನಾನು ಮುಖ ನೋಡ್ಲಿಲ್ಲ.”

“ಅವನಿಗೆ ಗೊತ್ತಾಯ್ತಾ? ನೀನು ಅಂತ?”

ಸೀನಿದ್ದು, ಬಾಲ ಎರಡು ಸಲ ಬಡಿದದ್ದು ಅವನ ಕಣ್ಣ ಮುಂದೆ ಬಂತು. “ಗೊತ್ತಾಯ್ತು,” ಎಂದ. ಆ ಒಂದು ಮಾತನ್ನು ಬೇರೆ ಹೇಗೆ ಹೇಳಬೇಕೆಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಕಪ್ಪು ನಾಯಿಯನ್ನು ಬಿಟ್ಟು ಅವರು ಮನೆಗೆ ಹೊರಟರು. ದಾರಿಯಲ್ಲಿ ಮಗಳು ಹಳೇ ಮನೆಯ ಗೇಟಿನ ಬಳಿ ನಿಂತಳು, ಬಟ್ಟಲಿನ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಬಟ್ಟಲನ್ನು ಎದೆಗವಚಿಕೊಂಡು ಬಂದಳು. ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ.

ಅಂದಿನಿಂದ ನಾಲ್ಕು ದಿನ ಅವಳು ಅವನೊಡನೆ ಮಾತು ಬಿಟ್ಟಳು. ಅಪ್ಪ ಒಳಗೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಹೆಂಡತಿ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಬಟ್ಟೆ ಮಡಿಸುತ್ತ ಒಮ್ಮೆ, “ಆವತ್ತೇ ಇರ್ಬೇಕು, ನೀವು ಕೆಲಸದಿಂದ ಬಂದವರೇ ಬಟ್ಟೆ ಸಮೇತ ನಲ್ಲಿ ಕೆಳಗೆ ಕೂತಿದ್ರಿ. ಏನೋ ಆಗಿದೆ ಅಂತ ಅನ್ಕೊಂಡೆ. ಕೇಳೋಕೆ ಧೈರ್ಯ ಬರ್ಲಿಲ್ಲ ರೀ,” ಎಂದಳು. ಅಷ್ಟೇ.

ಐದನೆಯ ದಿನ ಬೆಳಿಗ್ಗೆ ಅವನು ಊಟದ ಡಬ್ಬಿ ತೆಗೆದುಕೊಳ್ಳಲು ಹೋದಾಗ, ಅದರ ಪಕ್ಕದಲ್ಲಿ ಗೋಣಿಯ ಬಟ್ಟಲಿತ್ತು. ಬೂದಿ ಹಾಕಿ ತಿಕ್ಕಿದಂತೆ ಫಳಫಳ ಹೊಳೆಯುತ್ತಿತ್ತು. ಮಗಳು ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತು ಶೂ ಲೇಸು ಕಟ್ಟುತ್ತಿದ್ದಳು.

“ಎಲ್ಲಿಂದ ತರೋದು ಅಂತ ಕೇಳ್ತಿದ್ರಲ್ಲ,” ಎಂದಳು, ಲೇಸಿಗೇ ಹೇಳುವ ಹಾಗೆ. “ಆ ಹಿಂದಿನ ಕೋಣೆಯಿಂದ ತಾ. ಬಣ್ಣ ಬಳಿದಿರೋದು.”

“ಯಾವುದು ಪುಟ್ಟಿ?”

“ನೀನೇ ನೋಡಿ ತಾ. ಮುಖ ನೋಡಿ.”

ಅವನು ಬಟ್ಟಲನ್ನು ಚೀಲದಲ್ಲಿಟ್ಟುಕೊಂಡು ಹೊರಟ. ಕೇಂದ್ರದಲ್ಲಿ ಮಾಸ್ಕನ್ನು ಕಳಚಿ ಗೋಡೆಯ ಮೊಳೆಗೆ ತೂಗುಹಾಕಿ, ಚರ್ಮರೋಗದ ಕೋಣೆಯ ಬಾಗಿಲು ತೆರೆದ. ಒಳಗೆ ಒಂಬತ್ತು ನಾಯಿಗಳಿದ್ದವು. ಮೊದಲನೆಯ ಗೂಡಿನ ಮುಂದೆ ಮೊಣಕಾಲೂರಿ ಕೂತ. ಅಭ್ಯಾಸಬಲದಿಂದ ಕಣ್ಣು ಬಿಲ್ಲೆಯ ಮೇಲೆ ಬಿತ್ತು. ಅಲ್ಲಿಂದ ಬಲವಂತವಾಗಿ ಮೇಲಕ್ಕೆತ್ತಿದ. ನಾಯಿ ಹೆದರಿ ಮುಖವನ್ನು ಮೂಲೆಗೆ ತಿರುಗಿಸಿಕೊಂಡಿತು. ಅದು ಇತ್ತ ತಿರುಗುವವರೆಗೆ ಅವನು ಅಲ್ಲೇ ಕೂತು ಕಾದ.