ಹೊಲಿಗೆ ಆಂಟಿಯ ಹದ್ದುಗಳು

ಮೊನ್ನೆ ಬೆಳಗಿನ ತಪಾಸಣೆಗೆ ಹೋದಾಗ ರನ್‌ವೇ ಪಕ್ಕದ ಹುಲ್ಲಿನಲ್ಲಿ ಒಂದು ಗರಿ ಸಿಕ್ಕಿತು. ನನ್ನ ಮುಂಗೈಯಷ್ಟು ಉದ್ದ, ಮಾಸಿದ ಕಂದು ಬಣ್ಣ, ತುದಿ ಸ್ವಲ್ಪ ಸೀಳಿತ್ತು. ಇಂಥವನ್ನು ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಎಲ್ಲಿ ಸಿಕ್ಕಿತೆಂದು ಗುರುತು ಮಾಡಿಡುವುದು ನನ್ನ ಕೆಲಸ. ಕವರಿನ ಬಾಯಿ ಮುಚ್ಚುವ ಮುಂಚೆ, ಯಾಕೋ ಗೊತ್ತಿಲ್ಲ, ಅದನ್ನು ಮೂಸಿ ನೋಡಿದೆ. ಧೂಳಿನ ವಾಸನೆ, ಬಿಸಿಲಿನ ವಾಸನೆ, ಅದರಡಿಯಲ್ಲಿ ಎಲ್ಲೋ ಹಸಿ ಮಾಂಸದ ಸಣ್ಣ ಕಮಟು... ಕುವೆಂಪುನಗರದ ಆ ಮಹಡಿಯ ಮೇಲೆ ದಿನಾ ಸಂಜೆ ಬರುತ್ತಿದ್ದ ವಾಸನೆ.

ಆಗ ನಾನು ಇಲವಾಲದ ಹತ್ತಿರ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದೆ. ವಾರವೆಲ್ಲ ಸ್ಕೂಟರಿನಲ್ಲಿ ಹೋಗಿ ಬರುವುದು, ಶನಿವಾರ ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತು ವಿಮಾನಯಾನ ಸುರಕ್ಷತೆಯ ನಿರ್ವಹಣೆ ಮತ್ತು ನಿಯಮಗಳ ಕುರಿತು ಸ್ನಾತಕೋತ್ತರ ಪದವಿಗೆ ಓದುವುದು. ಆ ವಿಷಯವೇ ಯಾಕೆ ಎಂದು ಮನೆಯವರು ಕೇಳಿದರೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಪ್ರತಿ ವರ್ಷ ಅದೇ ಪಠ್ಯ, ಅದೇ ಬೋರ್ಡು, ಅದೇ ಪ್ರಯೋಗಗಳು. ಒಂದು ಕಡೆ ಕೂರಲಾಗದ ತಳಮಳವೊಂದು ನನ್ನೊಳಗೆ ಸೇರಿಕೊಂಡಿತ್ತು. ರಾತ್ರಿ ಊಟವಾದ ಮೇಲೆ ಮಹಡಿಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆಯುತ್ತಿದ್ದೆ.

ಆ ಮಹಡಿಯ ಮೇಲಿನ ಒಂಟಿ ರೂಮು ನನ್ನದು. ಕೆಳಗಿನ ಮನೆ ಓನರ್ ಆಂಟಿಯದು. ಮನೆಯ ಮುಂಭಾಗಕ್ಕೆ ಶಟರ್ ಹಾಕಿಸಿ, ಎರಡು ಮೆಷಿನ್ ಇಟ್ಟುಕೊಂಡು, ಸಹಾಯಕ್ಕೊಬ್ಬ ಹೆಂಗಸನ್ನು ಸೇರಿಸಿಕೊಂಡು ಅವರು ಬ್ಲೌಸ್ ಹೊಲಿಯುತ್ತಿದ್ದರು. ಬೀದಿಗೆಲ್ಲ ಅವರು ಹೊಲಿಗೆ ಆಂಟಿ. ಅಂಗಡಿಯಲ್ಲಿ ಸದಾ ನಾಲ್ಕು ಹೆಂಗಸರು, ಅವರ ನಗು, ಮೆಷಿನ್ನಿನ ಸದ್ದು. ಯಾರನ್ನು ಕಂಡರೂ ಎರಡು ಮಾತಿಗಿಂತ ಹೆಚ್ಚು ಆಡದ ನಾನು ಆ ಶಟರಿನ ಮುಂದೆ ಬೇಗ ಬೇಗ ದಾಟಿಬಿಡುತ್ತಿದ್ದೆ. ಆದರೆ ಬಾಡಿಗೆಗೆ ಬಂದ ಮೊದಲ ವಾರವೇ ಅವರು ನನ್ನನ್ನು ಹಿಡಿದು ನಿಲ್ಲಿಸಿದ್ದರು.

"ಏನೋ ಏರೋಪ್ಲೇನ್ ಓದು ಅಂದ್ಯಲ್ಲ, ಏನಮ್ಮ ಅದು?"

"ವಿಮಾನ ಅಪಘಾತ ಆಗದೇ ಇರೋ ಹಾಗೆ ನೋಡ್ಕೊಳ್ಳೋದು ಆಂಟಿ."

"ಅಂಗಾದ್ರೆ ಬೀಳದೇ ಇರೋದ್ನ ಓದ್ತೀಯಾ?"

"ಹೂಂ."

"ಬೀಳದೇ ಇರೋದ್ಕೆ ಎರಡು ವರ್ಷ ಓದ್ಬೇಕಾ! ನಮ್ಮತ್ತೆ ಒಂದಿನಾನೂ ಶಾಲೆಗೋದೋರಲ್ಲ, ತೊಂಬತ್ತಾದ್ರೂ ಬಿದ್ದಿರ್ಲಿಲ್ಲ ಕಣಮ್ಮ."

ಅಂಗಡಿಯ ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು. ಅಂದಿನಿಂದ ನಾನು ಏರೋಪ್ಲೇನ್ ಮೇಡಂ ಆದೆ.

ಸಂಜೆ ಐದೂವರೆ ಹೊತ್ತಿಗೆ ಅವರು ಮೆಷಿನ್ ನಿಲ್ಲಿಸಿ, ಬೀದಿ ಕೊನೆಯ ಕೋಳಿ ಅಂಗಡಿಯಿಂದ ತಂದ ಚೂರುಪಾರುಗಳ ಸ್ಟೀಲ್ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಅಷ್ಟರಲ್ಲೇ ಆಕಾಶದಲ್ಲಿ ಹದ್ದುಗಳು ಸುತ್ತಲು ಶುರುವಾಗಿರುತ್ತಿದ್ದವು. ಆಂಟಿ ಚೂರನ್ನು ಮೇಲಕ್ಕೆ ತೂರಿದರೆ ಅದು ನೆಲಕ್ಕೆ ಬೀಳುತ್ತಲೇ ಇರಲಿಲ್ಲ. ರೆಕ್ಕೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನು ಮಾಂಸ ತಿನ್ನುವವಳಲ್ಲ. ಆ ವಾಸನೆಗೆ ಮೊದಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆಮೇಲೆ ಕಿಟಕಿಯಿಂದ ನೋಡತೊಡಗಿದೆ. ಒಂದು ಹದ್ದಿನ ಎಡಗಾಲು ಹಾರುವಾಗ ಕೆಳಗೆ ಜೋತಾಡುತ್ತಿತ್ತು. ಯಾವ ಗಾಳಿಪಟದ ದಾರ ಸುತ್ತಿಕೊಂಡಿತ್ತೋ ಏನೋ. ಅದನ್ನು ಆಂಟಿ ಕುಂಟ ಎನ್ನುತ್ತಿದ್ದರು. ಅದರ ಪಾಲಿನ ಚೂರನ್ನು ಬೇರೆಯಾಗಿ ಮುಷ್ಟಿಯಲ್ಲಿ ಇಟ್ಟುಕೊಂಡು, ಉಳಿದವು ದೂರ ಹೋದ ಗಳಿಗೆ ನೋಡಿ ಎಸೆಯುತ್ತಿದ್ದರು.

"ಬಂದ್ಬುಟ್ಟ ನೋಡು ನಮ್ ಕುಂಟ! ಇವ್ನಿಗೆ ಅವಸರ ಇಲ್ಲ. ತನ್ ಪಾಲು ಎಲ್ಲೂ ಹೋಗಲ್ಲ ಅಂತ ಗೊತ್ತು."

ಒಂದು ಭಾನುವಾರ ಸಂಜೆಯ ತರಗತಿಯಲ್ಲಿ ವಿಮಾನಗಳಿಗೆ ಹಕ್ಕಿ ಬಡಿಯುವುದರ ಪಾಠ. ಇಂಜಿನ್ನಿನೊಳಗೆ ದೊಡ್ಡ ಹಕ್ಕಿ ಹೊಕ್ಕರೆ ಏನಾಗುತ್ತದೆ, ನಿಲ್ದಾಣದ ಸುತ್ತ ಮಾಂಸದ ತ್ಯಾಜ್ಯ ಎಸೆಯುವುದನ್ನು ಕಾನೂನು ಯಾಕೆ ತಡೆಯುತ್ತದೆ ಎಂದು ಅಧ್ಯಾಪಕರು ವಿವರಿಸುತ್ತಿದ್ದರು. ಏನೋ ಪ್ರಶ್ನೆ ಕೇಳಲೆಂದು ನಾನು ಮೈಕ್ ಆನ್ ಮಾಡಿದೆ. ನನ್ನ ಮಾತಿಗಿಂತ ಮೊದಲು ಎಲ್ಲರಿಗೂ ಕೇಳಿಸಿದ್ದು ಸೀಟಿ ಹೊಡೆದಂಥ ಎಳೆದ ಕೂಗು. ಒಂದಲ್ಲ, ಹತ್ತಾರು. ಅಧ್ಯಾಪಕರು ಮಾತು ನಿಲ್ಲಿಸಿ, ಅದು ಯಾರ ಮನೆಯಿಂದ ಎಂದು ಕೇಳಿದರು. ನಮ್ಮ ಮಹಡಿಯ ಹದ್ದುಗಳು ಎಂದೆ. ನಿಮ್ಮ ಪ್ರಬಂಧದ ವಿಷಯ ನಿಮ್ಮ ತಲೆಯ ಮೇಲೇ ಹಾರುತ್ತಿದೆಯಲ್ಲ ಎಂದು ಅವರು ನಕ್ಕರು. ಇಡೀ ತರಗತಿ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ಆ ರಾತ್ರಿಯೇ ನಕ್ಷೆ ತೆಗೆದು, ಊರಾಚೆಯ ವಿಮಾನ ನಿಲ್ದಾಣವನ್ನು ಕೇಂದ್ರ ಮಾಡಿಕೊಂಡು, ನಿಯಮ ಹೇಳುವಷ್ಟು ದೂರಕ್ಕೆ ಒಂದು ವೃತ್ತ ಎಳೆದೆ. ನಮ್ಮ ಬೀದಿ ಅದರ ಒಳಗೇ ಇತ್ತು. ಮಧ್ಯೆ ಊರಿನ ಎಷ್ಟೋ ಮನೆಗಳು, ಕೆರೆ, ಬಯಲು. ಹಾಗಂದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಹದ್ದಿಗೆ ಅದೆಲ್ಲ ಎಷ್ಟು ಹೊತ್ತಿನ ದಾರಿ?

ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ನಗರದ ದಕ್ಷಿಣದ ಕೆಲವು ಜಾಗಗಳಿಗೆ ಹೋಗಿ ಹದ್ದುಗಳನ್ನು ಎಣಿಸತೊಡಗಿದೆ. ಒಂದೆರಡು ಕಸದ ರಾಶಿ, ಒಂದು ಕೆರೆ ಅಂಚು, ಮತ್ತೆ ನಮ್ಮ ಮಹಡಿ. ಸಂಜೆ ಆಂಟಿ ತಟ್ಟೆ ಹಿಡಿದು ಬಂದಾಗ ನಾನು ದುರ್ಬೀನು ಹಿಡಿದು ನೀರಿನ ಟ್ಯಾಂಕಿನ ಪಕ್ಕ ನಿಲ್ಲುತ್ತಿದ್ದೆ. ಅವರು ಖುಷಿಯಾಗಿದ್ದರು. ತಮ್ಮ ಹದ್ದುಗಳು ಕಾಲೇಜು ಓದಿನವರಿಗೂ ಬೇಕಾದವು ಎಂಬ ಹೆಮ್ಮೆ.

"ಏನು ಬರ್ಕೊಳ್ತೀಯಮ್ಮ ಅವುಗಳ್ ಬಗ್ಗೆ? ಒಳ್ಳೇದು ಬರಿ," ಎಂದರು ಒಂದು ದಿನ.

ಅವತ್ತು ಹೇಳಿಬಿಟ್ಟೆ. ನಿಯಮ, ವೃತ್ತ, ಇಂಜಿನ್ನು, ಎಲ್ಲವನ್ನೂ. ನನಗೆ ಹಿತವಾಗಿ ಮಾತಾಡಲು ಬರುವುದಿಲ್ಲ. ತರಗತಿಯಲ್ಲಿ ಹೇಳುವ ಹಾಗೆ ಒಂದರ ನಂತರ ಒಂದನ್ನು ಹೇಳಿದೆ. ಆಂಟಿ ಖಾಲಿ ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡು ಕೇಳಿಸಿಕೊಂಡರು.

"ಆ ಏರೋಪ್ಲೇನು ಎಲ್ಲಿ, ನನ್ ಹದ್ದು ಎಲ್ಲಿ! ಅದೇನು ನಮ್ ಮಹಡಿ ಮೇಲೆ ಇಳೀತದಾ?"

"ಇವು ಇಲ್ಲಿಂದ ಅಲ್ಲಿಗೂ ಹೋಗ್ತವೆ ಆಂಟಿ. ಸುತ್ತಿ ಸುತ್ತಿ ಎಷ್ಟೋ ಮೇಲಕ್ಕೆ ಏರ್ತವೆ."

"ಕಂಡಿದ್ದೀಯಾ ನೀನು?"

ಕಂಡಿರಲಿಲ್ಲ. ಈ ಮಹಡಿಯ ಹದ್ದೇ ಅಲ್ಲಿ ಹಾರುವುದನ್ನು ಯಾರು ಕಂಡಾರು? ಅವರು ಮೆಟ್ಟಿಲಿಳಿಯುತ್ತಾ, ತಿರುಗದೆ ಹೇಳಿದರು: "ನಂಗೆ ಕಾನೂನು ಗೊತ್ತಿಲ್ಲ ಕಣಮ್ಮ. ದಿನಾ ಬಂದು ಕಾಯೋರ್ಗೆ ನಾಳೆಯಿಂದ ಇಲ್ಲ ಅನ್ನೋದು ಎಂಗೆ?"

ಮರುದಿನವೂ ತಟ್ಟೆ ಮೇಲೆ ಬಂತು. ಅದರ ಮರುದಿನವೂ. ನನ್ನನ್ನು ಏರೋಪ್ಲೇನ್ ಮೇಡಂ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದರು. ನಾನು ಬೇರೆ ರೂಮು ಹುಡುಕಬೇಕೇನೋ ಎಂದುಕೊಂಡೆ. ಪ್ರಬಂಧದಿಂದ ಆ ಮಹಡಿಯನ್ನು ತೆಗೆದುಬಿಡಲೇ ಎಂದೂ ಯೋಚಿಸಿದೆ. ಎರಡನ್ನೂ ಮಾಡಲಿಲ್ಲ. ಸಂಜೆಯಾದರೆ ಸ್ಕೂಟರ್ ತೆಗೆದುಕೊಂಡು ರಿಂಗ್ ರೋಡಿನಲ್ಲಿ ಸುಮ್ಮನೆ ಸುತ್ತಿ ಬರುತ್ತಿದ್ದೆ.

ಅದೇ ಹೊತ್ತಿಗೆ ಚೆನ್ನೈನಲ್ಲಿದ್ದ ಅವರ ಮಗಳಿಗೆ ಹೆರಿಗೆಯ ದಿನ ಹತ್ತಿರವಾಯಿತು. ಮಗಳು ಅಮ್ಮನಿಗೆ ವಿಮಾನದ ಟಿಕೆಟ್ ಕಳಿಸಿದಳು. ಆಂಟಿ ಅದುವರೆಗೆ ವಿಮಾನ ಹತ್ತಿದವರಲ್ಲ. ಬೇರೆ ದಾರಿ ಇಲ್ಲದೆ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ಬೀಳದೇ ಇರೋದ್ನ ಓದಿದ್ದೀಯಲ್ಲ, ನೀನೇ ಬಂದು ಹತ್ಸು," ಎಂದರು. ಕಿಟಕಿ ಪಕ್ಕದ ಸೀಟು ಗೊತ್ತುಮಾಡಿಕೊಟ್ಟೆ. ನಿಲ್ದಾಣದ ಬಾಗಿಲವರೆಗೆ ಜೊತೆಗೆ ಹೋದೆ. ಒಳಗೆ ಹೋಗುವಾಗ ಅವರು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು. ಆ ಅಂಗೈ ಒದ್ದೆಯಾಗಿತ್ತು.

ಅವರಿಲ್ಲದ ದಿನಗಳಲ್ಲಿ ಹದ್ದುಗಳಿಗೆ ಹಾಕಲು ಯಾರಿಗೂ ಹೇಳಿ ಹೋಗಿರಲಿಲ್ಲ. ಅವು ಬರುತ್ತಿದ್ದವು. ಸುತ್ತಿ, ಕೂಗಿ, ಹೋಗುತ್ತಿದ್ದವು.

ಮಗು ಹುಟ್ಟಿ ವಾರಕ್ಕೇ ಅಂಗಡಿಗೆಂದು ವಾಪಸು ಬಂದ ಸಂಜೆ ಆಂಟಿ ಮಹಡಿಗೆ ಬಂದರು. ಕೈಯಲ್ಲಿ ತಟ್ಟೆ ಇರಲಿಲ್ಲ. ಫೋನಿನಲ್ಲಿ ಮೊಮ್ಮಗಳ ಫೋಟೋ ತೋರಿಸಿದರು. ಮೂಗು ಯಾರ ಹಾಗೆ, ಕೂದಲು ಯಾರ ಹಾಗೆ ಎಂದೆಲ್ಲ ಹೇಳಿದರು. ಆಮೇಲೆ ನೀರಿನ ಟ್ಯಾಂಕಿಗೆ ಒರಗಿ, ಬೇರೇನೋ ಹೇಳುವವರಂತೆ ಅಂದರು:

"ಮೇಲಕ್ಕೆ ಏರ್ತಿರುವಾಗ ಕಿಟಕೀಲಿ ಒಂದು ಕಾಣಿಸ್ತು ಕಣಮ್ಮ. ಇಷ್ಟೇ ಇಷ್ಟು, ಕೆಳಗಡೆ ಸುತ್ತುತ್ತಾ ಇತ್ತು. ಕಾಲು ನೋಡೋಣ ಅಂದ್ರೆ ಕಾಣ್ಲಿಲ್ಲ. ನಮ್ದೇನೋ ಅನ್ನಿಸ್ಬುಡ್ತು."

ಅಷ್ಟೇ. ಭಯವಾಯಿತು ಎನ್ನಲಿಲ್ಲ. ನೀನು ಹೇಳಿದ್ದು ಸರಿ ಎಂದೂ ಅನ್ನಲಿಲ್ಲ. ಮಹಡಿಯ ಬಾಗಿಲನ್ನು ಎಳೆದುಕೊಂಡು ಕೆಳಗೆ ಹೋದರು. ಆಮೇಲೆ ತಟ್ಟೆ ಮೇಲೆ ಬರಲಿಲ್ಲ.

ಹದ್ದುಗಳು ಮಾತ್ರ ಬರುತ್ತಲೇ ಇದ್ದವು. ಐದೂವರೆ ಹೊತ್ತಿಗೆ ಕೆಳಗೆ ಎರಡೂ ಮೆಷಿನ್ ಒಟ್ಟಿಗೆ ಓಡುವ ಸದ್ದು ಕೇಳುತ್ತಿತ್ತು. ಅಷ್ಟು ಹೊತ್ತು ರೇಡಿಯೋ ಬೇರೆ ಜೋರು; ಹದ್ದಿನ ಕೂಗು ಕೆಳಗೆ ಕೇಳಿಸುತ್ತಿರಲಿಲ್ಲ. ಅಂಗಡಿಯ ಹೆಂಗಸರು, ಯಾಕ್ರೀ ಇವತ್ತು ಮದುವೆ ಮನೆ ಮಾಡಿದ್ದೀರಿ ಎಂದು ಕೇಳಿದರೆ ಆಂಟಿ ಮೆಷಿನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು. ಒಂದು ವಾರದಲ್ಲಿ ಹದ್ದುಗಳು ಅರ್ಧಕ್ಕಿಳಿದವು. ಕೊನೆಗೆ ಉಳಿದದ್ದು ಕುಂಟ ಒಂದೇ. ಅದು ಸುತ್ತುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಮೋಟುಗೋಡೆಯ ಮೇಲೆ ಕೂತು ಮೆಟ್ಟಿಲ ಬಾಗಿಲನ್ನೇ ನೋಡುತ್ತಿತ್ತು. ತನ್ನ ಪಾಲು ಎಲ್ಲೂ ಹೋಗುವುದಿಲ್ಲ ಎಂದು ಅದಕ್ಕೆ ಗೊತ್ತಿತ್ತಲ್ಲ... ಒಂದು ದಿನ ಅದೂ ಬರಲಿಲ್ಲ.

ಆಮೇಲೊಮ್ಮೆ ಆಂಟಿ ಮೆಷಿನ್ನಿನ ಮೇಲೆ ಬಗ್ಗಿದ್ದ ತಲೆಯನ್ನು ಎತ್ತದೇ ಕೇಳಿದರು.

"ಎಲ್ಲಿಗೋದ್ವು?"

"ಗೊತ್ತಿಲ್ಲ ಆಂಟಿ."

"ಅದ್ನ ಓದ್ಸಲ್ವಾ ನಿಮ್ಗೆ?"

ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳಿದ್ದರು. ಒಂದು ಕಡೆ ತಗ್ಗಿಸಿದ ಅಪಾಯ ಇನ್ನೊಂದು ಕಡೆ ತಲೆ ಎತ್ತಬಹುದು ಎಂದು ನಮಗೆ ಓದಿಸಿದ್ದರು. ಯಾವ ಕಡೆ ಎಂದು ಹೇಳಲು ನನಗೆ ಬರುತ್ತಿರಲಿಲ್ಲ.

ಪ್ರಬಂಧ ಮುಗಿಯಿತು. ಆ ಮಹಡಿಯ ಅಂಕಿಗಳು ಇಳಿದದ್ದನ್ನು ಮೌಖಿಕ ಪರೀಕ್ಷೆಯಲ್ಲಿ ಎಲ್ಲರೂ ಮೆಚ್ಚಿದರು. ಜನರೇ ಮನಸ್ಸು ಮಾಡಿ ಬದಲಾದದ್ದಕ್ಕೆ ಒಳ್ಳೆಯ ಉದಾಹರಣೆ ಎಂದರು. ಮೆಷಿನ್ನುಗಳ ಸದ್ದನ್ನು ಪ್ರಬಂಧದಲ್ಲಿ ಎಲ್ಲಿ ಸೇರಿಸಬೇಕೆಂದು ನನಗೆ ತಿಳಿದಿರಲಿಲ್ಲ. ಪದವಿ ಬಂದಿತು, ಊರಾಚೆಯ ಅದೇ ನಿಲ್ದಾಣದಲ್ಲಿ ಈ ಕೆಲಸ ಸಿಕ್ಕಿತು, ತರಬೇತಿಗೆಂದು ಬೇರೆ ಊರಿಗೆ ಹೋದೆ. ರೂಮು ಖಾಲಿ ಮಾಡುವ ದಿನ ಆಂಟಿ ನನಗೊಂದು ಬ್ಲೌಸ್ ಹೊಲಿದುಕೊಟ್ಟರು. ಅಳತೆಯನ್ನೇ ತೆಗೆದುಕೊಂಡಿರಲಿಲ್ಲ. ಭುಜಕ್ಕೆ ಸರಿಯಾಗಿ ಕೂತಿತು.

ತರಬೇತಿ ಮುಗಿಸಿ ಬಂದು ಒಂದು ಸಂಜೆ ಆ ಬೀದಿಗೆ ಹೋದರೆ ಶಟರ್ ಎಳೆದಿತ್ತು. ಪಕ್ಕದ ಮನೆಯವರು ಹೇಳಿದರು, ನಿದ್ದೆಯಲ್ಲೇ ಹೋದರು, ಮಗಳು ಬಂದು ಎಲ್ಲ ಮಾಡಿ ಹೋದಳು ಎಂದು. ನನಗೆ ಫೋನ್ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಯಾರು, ಮೇಲಿನ ರೂಮಿನ ಬಾಡಿಗೆಯವಳು... ತಲೆ ಎತ್ತಿ ಮಹಡಿ ನೋಡಿದೆ. ಮೋಟುಗೋಡೆಯ ಮೇಲೆ ಯಾರದೋ ಬೆಡ್‌ಶೀಟ್ ಒಣಗುತ್ತಿತ್ತು.

ಗರಿ ಸಿಕ್ಕ ಆ ಬೆಳಿಗ್ಗೆ, ಕವರನ್ನು ಜೇಬಿಗಿಟ್ಟುಕೊಂಡು ಜೀಪಿನತ್ತ ಬರುವಾಗ ರನ್‌ವೇಯ ಆ ತುದಿಯ ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಮೊದಲ ವಿಮಾನ ಬರುವ ಹೊತ್ತಾಗಿತ್ತು. ದುರ್ಬೀನು ಎತ್ತಿ ನೋಡಿದೆ. ಒಂದು ಕಾಲು ಕೆಳಗೆ ಜೋತಾಡುತ್ತಿತ್ತು. ಅದೇ ಇರಲಾರದು. ದಾರಕ್ಕೆ ಸಿಕ್ಕಿ ಕಾಲು ಊನವಾದ ಹದ್ದುಗಳು ಈ ಊರಿನಲ್ಲಿ ಒಂದೆರಡಲ್ಲ. ಹಾಗೆಂದು ನನಗೇ ಹೇಳಿಕೊಂಡೆ. ದುರ್ಬೀನು ಇಳಿಸಲಾಗಲಿಲ್ಲ.

"ಮೇಡಂ, ಹೊಡೀಲಾ?" ಎಂದರು ಹಕ್ಕಿ ಬೆದರಿಸುವ ಪಟಾಕಿ ಹಿಡಿದು ನಿಂತಿದ್ದ ಸಹೋದ್ಯೋಗಿ.

ಹೊಡೆಯಿರಿ ಎಂದೆ. ಸದ್ದಿಗೆ ಹುಲ್ಲಿನಿಂದ ಗೊರವಂಕಗಳು ಎದ್ದವು. ಹದ್ದು ಒಮ್ಮೆ ವಾಲಿ, ರೆಕ್ಕೆ ಬಡಿದು, ಅವಸರವಿಲ್ಲದೆ ಮೇಲೇರಿ ಬೇಲಿಯಾಚೆ ಸಣ್ಣದಾಗುತ್ತಾ ಹೋಯಿತು. ವಿಮಾನ ಸರಿಯಾದ ಹೊತ್ತಿಗೆ ಇಳಿಯಿತು. ಜನ ಬ್ಯಾಗು ಹಿಡಿದು ಇಳಿದು ನಡೆದರು.

ಎಲ್ಲಿಗೋಯ್ತು ಎಂದು ಯಾರೂ ಕೇಳಲಿಲ್ಲ.